ಬರುವ ದಾರಿ ಬೇರೆ, ಹೋಗುವ ದಾರಿ ಬೇರೆ: ಮನೆ ಕಂಪ್ಯೂಟರಿಗೆ ಇಮೇಲ್ ಜೋಡಿಸಿದ್ದು

ದಾವಣಗೆರೆಯ ನಮ್ಮ ಮನೆಯ ಡೆಸ್ಕ್‌ಟಾಪಿನಲ್ಲಿ ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶ ಹಾಕಿ ಜಿಮೇಲ್ ಜೋಡಿಸಿಕೊಂಡಿದ್ದೇನೆ. ಇಂಟರ್ನೆಟ್ ಹೋದಾಗಲೂ ಹಳೆಯ ಮೇಲ್ ಎಲ್ಲ ಕೈಗೆ ಸಿಗುತ್ತದೆ, ಬ್ರೌಸರಿಗಿಂತ ಇದೇ ಮೇಲು. ಒಂದು ಮಾತು ಮೊದಲೇ ಮನಸ್ಸಿನಲ್ಲಿರಲಿ: ಮೇಲ್ ತರುವ ಸರ್ವರ್ ಒಂದು, ಕಳಿಸುವ ಸರ್ವರ್ ಇನ್ನೊಂದು. ಒಂದು ಕೆಟ್ಟರೂ ಇನ್ನೊಂದು ನಡೆಯುತ್ತಿರುತ್ತದೆ. ಅದಕ್ಕೇ ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು.

ತರುವುದಕ್ಕೆ ಐಮ್ಯಾಪ್ ಎಂಬ ವಿಧಾನ ಆರಿಸಿದೆ, ಇದರಲ್ಲಿ ಮೇಲ್ ಸರ್ವರಿನಲ್ಲೇ ಉಳಿಯುತ್ತದೆ. ಇನ್ನೊಂದು ವಿಧಾನವಾದ ಪಾಪ್ ಆದರೆ ಮೇಲ್ ಇಳಿಸಿಕೊಂಡು ಸರ್ವರಿನಿಂದ ತೆಗೆದುಹಾಕುವ ಸಾಧ್ಯತೆ ಇದೆ. ಮೊಬೈಲಿನಲ್ಲೂ ಅದೇ ಮೇಲ್ ನೋಡುವವರಿಗೆ ಅದು ಹೊಂದುವುದಿಲ್ಲ. ಸರ್ವರ್ ಹೆಸರು ಐಮ್ಯಾಪ್ ಡಾಟ್ ಜಿಮೇಲ್ ಡಾಟ್ ಕಾಮ್, ಪೋರ್ಟ್ (ಸರ್ವರಿನ ಬಾಗಿಲ ಸಂಖ್ಯೆ) 993, ಭದ್ರತೆ ಎಸ್‌ಎಸ್‌ಎಲ್/ಟಿಎಲ್‌ಎಸ್ (ಮಾತುಕತೆಯನ್ನು ಗೂಢಲಿಪಿಯಲ್ಲಿ ನಡೆಸುವ ವ್ಯವಸ್ಥೆ). ಯೂಸರ್‌ನೇಮ್ ಜಾಗದಲ್ಲಿ ಪೂರ್ತಿ ಇಮೇಲ್ ವಿಳಾಸ. ದೃಢೀಕರಣಕ್ಕೆ ಓಆತ್2 ಇಡಿ, ಅಂದರೆ ಗೂಗಲ್‌ನದೇ ಲಾಗಿನ್ ಕಿಟಕಿಯಲ್ಲಿ ಒಪ್ಪಿಗೆ ಕೊಟ್ಟು ಒಳಹೋಗುವುದು. ಖಾಸಗಿ ಖಾತೆಗಳಲ್ಲಿ ಬರೀ ಪಾಸ್‌ವರ್ಡ್ ಕೊಟ್ಟು ಒಳಹೋಗುವ ಪದ್ಧತಿಯನ್ನು ಗೂಗಲ್ 2022ರ ಮೇ 30ರಿಂದ ನಿಲ್ಲಿಸಿದೆ; ಹಳೆಯ ಸೆಟ್ಟಿಂಗ್ ಹಾಗೇ ಹಾಕಿದರೆ ಪಾಸ್‌ವರ್ಡ್ ಸರಿಯಿದ್ದರೂ ತಪ್ಪು ಎನ್ನುತ್ತದೆ. ಲಾಗಿನ್ ಕಿಟಕಿ ತೆರೆದು ಮುಂದೆ ಹೋಗದಿದ್ದರೆ ಥಂಡರ್‌ಬರ್ಡಿನ ಪ್ರೈವೆಸಿ ಸೆಟ್ಟಿಂಗಿನಲ್ಲಿ ಕುಕೀಸ್ ಆಫ್ ಆಗಿದೆಯೇ ನೋಡಿ.

ತಲೆನೋವು ಹೆಚ್ಚು ಬರುವುದು ಕಳಿಸುವ ಕಡೆ. ಕಳಿಸುವ ಸರ್ವರಾದ ಎಸ್‌ಎಂಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್‌ಗೆ ಎರಡು ಪೋರ್ಟ್ ಇವೆ. 465 ಆದರೆ ಎಸ್‌ಎಸ್‌ಎಲ್/ಟಿಎಲ್‌ಎಸ್, 587 ಆದರೆ ಸ್ಟಾರ್ಟ್‌ಟಿಎಲ್‌ಎಸ್. ಈ ಜೋಡಿ ಅದಲುಬದಲಾದರೆ ಕೆಲಸ ಕೆಡುತ್ತದೆ. 465ರಲ್ಲಿ ಮೊದಲ ಅಕ್ಷರದಿಂದಲೇ ಗೂಢಲಿಪಿ. 587ರಲ್ಲಿ ಸರ್ವರ್ ಮೊದಲು ಬರಿಮಾತಿನಲ್ಲಿ ನಮಸ್ಕಾರ ಹೇಳಿ ಆಮೇಲೆ ಗೂಢಲಿಪಿಗೆ ತಿರುಗುತ್ತದೆ. 465 ಹಾಕಿ ಸ್ಟಾರ್ಟ್‌ಟಿಎಲ್‌ಎಸ್ ಆರಿಸಿದರೆ ನಮ್ಮ ಕಂಪ್ಯೂಟರ್ ಆ ನಮಸ್ಕಾರಕ್ಕೆ ಕಾಯುತ್ತದೆ, ಸರ್ವರ್ ಕಂಪ್ಯೂಟರೇ ಗೂಢಲಿಪಿ ಶುರುಮಾಡಲಿ ಎಂದು ಕಾಯುತ್ತದೆ. ತಪ್ಪೇನೆಂದು ಹೇಳದೆ ಪರದೆಯ ಮೇಲೆ ಕಳಿಸುತ್ತಿದೆ ಎಂದು ತೋರಿಸುವ ಪಟ್ಟಿ ಓಡುತ್ತಲೇ ಇದ್ದು, ಕೊನೆಗೆ ಟೈಮ್‌ಔಟ್. ಪೋರ್ಟ್ 25ರ ಗೋಜಿಗೆ ಹೋಗಬೇಡಿ. ಸ್ಪ್ಯಾಮ್ ತಡೆಯಲು ಮನೆ ಕನೆಕ್ಷನ್‌ಗಳಲ್ಲಿ ಅದನ್ನು ಮುಚ್ಚಿರುವುದೇ ಹೆಚ್ಚು.

ಜೋಡಿಸಿದ ಮೇಲೆ ನಿಮಗೇ ಒಂದು ಮೇಲ್ ಕಳಿಸಿ ನೋಡಿ. ಸೆಂಟ್ ಫೋಲ್ಡರಿನಲ್ಲಿ ಅದು ಎರಡೆರಡು ಕಂಡರೆ, ಕಾಪೀಸ್ ಅಂಡ್ ಫೋಲ್ಡರ್ಸ್‌ನಲ್ಲಿ ಪ್ರತಿ ಉಳಿಸುವ ಟಿಕ್ ತೆಗೆಯಿರಿ. ಕಳಿಸಿದ್ದರ ಪ್ರತಿಯನ್ನು ಜಿಮೇಲ್ ತಾನೇ ಇಟ್ಟುಕೊಳ್ಳುತ್ತದೆ. ಆಲ್ ಮೇಲ್ ಫೋಲ್ಡರನ್ನೂ ಅನ್‌ಸಬ್‌ಸ್ಕ್ರೈಬ್ ಮಾಡಿದೆ (ಥಂಡರ್‌ಬರ್ಡಿನ ಪಟ್ಟಿಯಿಂದ ತೆಗೆದೆ), ಇಲ್ಲದಿದ್ದರೆ ಇನ್‌ಬಾಕ್ಸಿನದೇ ಮತ್ತೊಮ್ಮೆ ಇಳಿದು ಡಿಸ್ಕ್ ತುಂಬುತ್ತದೆ.

ತೋಟದ ಪಹಣಿ, ಕ್ರಯಪತ್ರ ಸ್ಕ್ಯಾನ್ ಮಾಡಿ ಕಳಿಸುವವರು ಗಮನಿಸಿ: ಜಿಮೇಲಿನ ಮಿತಿ 25 ಎಂಬಿ ಎಂದರೂ, ಕಳಿಸುವಾಗ ಫೈಲು ಅಕ್ಷರರೂಪಕ್ಕೆ ತಿರುಗಿ ಮೂರನೇ ಒಂದು ಪಾಲಿನಷ್ಟು ಉಬ್ಬುತ್ತದೆ. 18 ಎಂಬಿ ಒಳಗಿಟ್ಟರೆ ನಿಶ್ಚಿಂತೆ.

ತರುವುದೂ ಕಳಿಸುವುದೂ ಒಟ್ಟಿಗೇ ನಿಂತು, ಸರ್ಟಿಫಿಕೇಟ್ (ಸರ್ವರಿನ ಗುರುತುಪತ್ರ) ಸರಿಯಿಲ್ಲ ಎಂದರೆ ಸೆಟ್ಟಿಂಗ್ ಮುಟ್ಟಬೇಡಿ, ಮೊದಲು ಕಂಪ್ಯೂಟರಿನ ತಾರೀಖು ನೋಡಿ; ಅದು ತಪ್ಪಿದ್ದರೆ ಸರಿಯಾದ ಸರ್ಟಿಫಿಕೇಟೂ ಅವಧಿಯ ಹೊರಗಿದ್ದಂತೆ ಕಾಣುತ್ತದೆ. ಮದರ್‌ಬೋರ್ಡಿನ ಸೆಲ್ ಸತ್ತಿದ್ದರೆ, ಕರೆಂಟ್ ಹೋಗಿ ಬಂದಾಗಲೆಲ್ಲ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ಹೆಚ್ಚಿನ ಡೆಸ್ಕ್‌ಟಾಪ್‌ಗಳಿಗೆ ಸಿಆರ್2032, 3 ವೋಲ್ಟಿನ ಬಿಲ್ಲೆ ಸೆಲ್. ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ ತೆಗೆದು, ಬರಹವಿರುವ ಮುಖ ಮೇಲೆ ಬರುವಂತೆ ಕೂರಿಸಿ.