ಚೊಚ್ಚಲ ಹೆರಿಗೆ, ಮುಗಿಯದ ಬೇನೆ: ನನ್ನ ಅನುಭವ

ಮೊದಲ ಸಲ ಹೋದಾಗ ಆಸ್ಪತ್ರೆಯವರು ನಮ್ಮನ್ನು ಮನೆಗೆ ವಾಪಸ್ ಕಳಿಸಿದರು. ಒಳ್ಳೆಯದೇ ಮಾಡಿದರು ಅಂತ ಈಗ ಹೇಳುತ್ತೇನೆ. ಆವತ್ತು ಮಾತ್ರ ಕಾರಿಡಾರಿನಲ್ಲೇ ಅಳು ಬಂದಿತ್ತು. ಬೆಳಗಿನ ಜಾವದಿಂದ ನೋವು ತಿಂದಿದ್ದೆ. ಡಾಕ್ಟರ್ ಪರೀಕ್ಷೆ ಮಾಡಿ, "ಗರ್ಭಕೋಶದ ಬಾಯಿ ಎರಡು ಸೆಂಟಿಮೀಟರ್ ಬಿಟ್ಟಿದೆ ಅಷ್ಟೇ. ಮನೆಗೆ ಹೋಗಿ ಊಟ ಮಾಡಿ ಮಲಗಿ" ಎಂದರು. ಇಷ್ಟು ನೋವಿಗೆ ಬರೀ ಎರಡಾ?

ಬಾಯಿ ಪೂರ್ತಿ ಬಿಡುವುದು ಅಂದರೆ ಹತ್ತು ಸೆಂಟಿಮೀಟರ್. ಅದರಲ್ಲಿ ಮೊದಲ ಐದು ಯಾವಾಗ ಮುಗಿಯುತ್ತೆ ಅಂತ ಯಾರೂ ಹೇಳಲಾರರು. ಚೊಚ್ಚಲಿನಲ್ಲಿ ಒಂದು ದಿನ ಹಿಡಿಯಬಹುದು, ಜಾಸ್ತಿಯೂ ಆಗಬಹುದು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಐದು ಸೆಂಟಿಮೀಟರ್‌ನಿಂದ ಆಚೆಗಿನದ್ದನ್ನೇ ನಿಜವಾದ ಜೋರು ಹೆರಿಗೆ ಅಂತ ಲೆಕ್ಕ ಹಾಕಿದ್ದಾರೆ. ಅಲ್ಲಿಂದ ಮುಂದಕ್ಕೂ ಮೊದಲ ಹೆರಿಗೆಗೆ ಹನ್ನೆರಡು ಗಂಟೆ ತನಕ ಹಿಡಿಯಬಹುದಂತೆ. ಇದನ್ನು ಏಳನೇ ತಿಂಗಳಲ್ಲೇ ಯಾರಾದರೂ ಹೇಳಿದ್ದರೆ! ಸೀಮಂತದಲ್ಲಿ ಬಳೆ ತೊಡಿಸಿದವರೆಲ್ಲ "ಸುಖವಾಗಿ ಹೆರಿಗೆ ಆಗಲಿ" ಅಂದರೇ ಹೊರತು ಎಷ್ಟು ಹೊತ್ತು ಅನ್ನುವ ಮಾತೇ ಎತ್ತಲಿಲ್ಲ.

ವಾಪಸ್ ಬರಬೇಕಾದ ಕಾರಣಗಳನ್ನು ಡಾಕ್ಟರ್ ಬಿಡಿಸಿ ಹೇಳಿದ್ದರು. ನೀರು ಹೋದರೆ, ರಕ್ತ ಹೋದರೆ, ಮಗುವಿನ ಮಿಸುಕಾಟ ಕಮ್ಮಿ ಅನ್ನಿಸಿದರೆ ನೋವು ಇರಲಿ ಬಿಡಲಿ ತಕ್ಷಣ ಬರಬೇಕು. ನೀರು ಹಸಿರು ಬಣ್ಣಕ್ಕೆ ಇದ್ದರಂತೂ ಒಂದು ನಿಮಿಷವೂ ತಡ ಮಾಡಬಾರದು, ಮಗು ಒಳಗೇ ಕಕ್ಕ ಮಾಡಿರಬಹುದು. ಇವೇನೂ ಇಲ್ಲದಿದ್ದರೆ, ಐದು ನಿಮಿಷಕ್ಕೊಂದರಂತೆ ನೋವು ಬಂದು, ಒಂದೊಂದೂ ಒಂದು ನಿಮಿಷ ನಿಂತು, ಒಂದು ಗಂಟೆ ಹಾಗೇ ನಡೆದರೆ ಹೊರಡಿ ಅಂದರು. ಸ್ವಲ್ಪ ಲೋಳೆಯಲ್ಲಿ ರಕ್ತದ ಎಳೆ ಕಂಡರೆ ಗಾಬರಿ ಬೇಡ ಅಂತಲೂ ಹೇಳಿದರು.

ತವರುಮನೆ ಮಂಡ್ಯದಲ್ಲಿ. ನನ್ನ ಗಂಡನ ಕೆಲಸ ಮೈಸೂರಿನಲ್ಲಿ. ವಿಷಯ ತಿಳಿದು ಸಿಕ್ಕ ರೈಲು ಹತ್ತಿ ಬಂದಿದ್ದರು. ಮನೆಗೆ ಬಂದ ಮೇಲೆ ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಂಡು ಪ್ರತಿ ನೋವಿನ ಹೊತ್ತು ಗುರುತು ಹಾಕಲು ಕೂತರು. ಏಳು ನಿಮಿಷ, ಒಂಬತ್ತು ನಿಮಿಷ, ಮತ್ತೆ ಆರು. ಅವರು ಹೇಳುತ್ತಿದ್ದರು, ನಾನು ಸುಸ್ತಾಗುತ್ತಿದ್ದೆ. ಕೊನೆಗೆ ಅಮ್ಮ ಬಂದು, "ಅದ್ನ ಆಚೆಗಿಕ್ಕು ಕಣಪ್ಪ. ಬೇನೆ ಬಲ್ತರೆ ಅವಳೇ ಹೇಳ್ತಾಳೆ" ಅಂದರು. ಸರಿಯಾಗೇ ಹೇಳಿದರು. ನೋವು ಜೋರಾದಾಗ ಮಾತೇ ಹೊರಡುವುದಿಲ್ಲ, ಗಡಿಯಾರ ಯಾಕೆ ಬೇಕು?

ಅಮ್ಮ ಅನ್ನದ ಗಂಜಿ, ನೀರು ಮಜ್ಜಿಗೆ ಕೊಡುತ್ತಲೇ ಇದ್ದರು. ಅಪ್ಪ ಮದ್ದೂರಿನಿಂದ ಎಳನೀರು ತಂದಿಟ್ಟಿದ್ದರು. ಬೇನೆ ಶುರುವಾದ ಮೇಲೆ ಏನೂ ತಿನ್ನಬಾರದು ಅಂತ ಪಕ್ಕದ ಮನೆಯವರು ಹೇಳಿ ಹೋದರು. ತೊಂದರೆ ಇಲ್ಲದ ಹೆರಿಗೆಯಲ್ಲಿ ಹಗುರವಾಗಿ ತಿನ್ನಬಹುದು, ಕುಡಿಯಬಹುದು ಅಂತ ಡಾಕ್ಟರ್ ಹೇಳಿದ್ದರಿಂದ ನಾನು ಕೇಳಲಿಲ್ಲ. ಖಾಲಿ ಹೊಟ್ಟೆಯಲ್ಲಿ ಆ ರಾತ್ರಿ ಕಳೆಯಲು ನನ್ನ ಕೈಲಿ ಆಗುತ್ತಿರಲಿಲ್ಲ.

ರಾತ್ರಿ ನೋವು ಪೂರ್ತಿ ಸೊಂಟಕ್ಕೆ ಇಳಿಯಿತು. ಹೊಟ್ಟೆಯಲ್ಲಿ ಏನೂ ಇಲ್ಲ, ಬೆನ್ನಿನ ಬುಡದಲ್ಲಿ ಎಲ್ಲ. ಮಗು ತಲೆ ಕೆಳಗೇ ಮಾಡಿತ್ತು, ಆದರೆ ಅದರ ಹಿಂದಲೆ ನನ್ನ ಬೆನ್ನಿನ ಕಡೆಗಿತ್ತು ಅಂತ ಆಮೇಲೆ ಗೊತ್ತಾಯಿತು. ಮಗು ಹೀಗಿದ್ದರೆ ಸೊಂಟನೋವು ಜಾಸ್ತಿ, ಹೊತ್ತೂ ಜಾಸ್ತಿ. ಹೆಚ್ಚಿನ ಮಕ್ಕಳು ಹುಟ್ಟುವಷ್ಟರಲ್ಲಿ ತಾವೇ ತಿರುಗಿಕೊಳ್ಳುತ್ತವೆ.

ಅಂಗಾತ ಮಲಗಲು ಆಗಲೇ ಇಲ್ಲ. ಹಾಸಿಗೆ ಮೇಲೆ ಅಂಬೆಗಾಲಿಟ್ಟ ಹಾಗೆ ಮಂಡಿ, ಕೈ ಊರಿ, ಎದೆ ಕೆಳಗೆ ದಿಂಬು ಇಟ್ಟುಕೊಂಡೆ. ಗಂಡ ಹಿಂದೆ ಕೂತು ಬೆನ್ನು ಸವರಿದರು. ಕೈ ತಳ್ಳಿಬಿಟ್ಟೆ. ಸವರುವುದು ಬೇಡ, ಒತ್ತಬೇಕು. ಎಲ್ಲಿ ಒತ್ತಬೇಕು ಅಂತ ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು. ಸೊಂಟದ ಕೆಳಗೆ, ಎರಡು ಪೃಷ್ಠಗಳು ಸೇರುವುದಕ್ಕಿಂತ ಸ್ವಲ್ಪ ಮೇಲೆ ಚಪ್ಪಟೆ ಮೂಳೆ ಇದೆಯಲ್ಲ, ಅಲ್ಲಿ. ಬೆರಳಿನಿಂದ ಅಲ್ಲ, ಅಂಗೈ ಬುಡದಿಂದ. ನೋವು ಏಳುವ ಮೊದಲೇ ಕೈ ಇಡಬೇಕು, ಏರುತ್ತಿದ್ದಂತೆ ಮೈಭಾರ ಹಾಕಿ ಒತ್ತಬೇಕು, ಇಳಿಯುವ ತನಕ ಬಿಡಬಾರದು. ಮಧ್ಯದಲ್ಲಿ ಕೈ ಸ್ವಲ್ಪ ಜರುಗಿದರೂ ಜೀವ ಹೋದಂತಾಗುತ್ತಿತ್ತು. ಆಮೇಲಾಮೇಲೆ ನಾನು ಹೇಳುವುದೇ ಬೇಕಾಗಲಿಲ್ಲ. ನನ್ನ ಉಸಿರು ಬದಲಾದ ಕೂಡಲೇ ಆ ಕೈ ಅಲ್ಲಿರುತ್ತಿತ್ತು. ಧೈರ್ಯದ ಮಾತು ಹೇಳಿದವರು ಬೇಕಾದಷ್ಟು ಜನ. ಒತ್ತಿದವರು ಒಬ್ಬರೇ.

ಹೊರಗೆ ಕಬ್ಬಿನ ಟ್ರ್ಯಾಕ್ಟರ್‌ಗಳು ಜೋರಾಗಿ ಹಾಡು ಹಾಕಿಕೊಂಡು ಹೋಗುತ್ತಿದ್ದವು. ಅರೆಯುವ ಸೀಸನ್ನು, ಕೇಳಬೇಕೆ? ಬೇರೆ ದಿನವಾಗಿದ್ದರೆ ಬಯ್ಯುತ್ತಿದ್ದೆ. ಆವತ್ತು ಊರಲ್ಲಿ ಎಚ್ಚರವಾಗಿರುವವರು ನಾವಷ್ಟೇ ಅಲ್ಲ ಅನ್ನಿಸಿ ಸಮಾಧಾನವಾಯಿತು.

ಬೆಳಿಗ್ಗೆ ಆಸ್ಪತ್ರೆಗೆ ಹೋದಾಗ ಆರು ಸೆಂಟಿಮೀಟರ್. ಅಡ್ಮಿಟ್ ಮಾಡಿಕೊಂಡರು. ಹೆರಿಗೆ ವಾರ್ಡಿನೊಳಗೆ ಗಂಡನನ್ನು ಬಿಡುತ್ತಾರಾ ಅಂತ ಎಂಟನೇ ತಿಂಗಳಲ್ಲೇ ಕೇಳಿಟ್ಟಿದ್ದೆವು. ನೀವೂ ಮೊದಲೇ ಕೇಳಿ. ಸರ್ಕಾರಿ ಆಸ್ಪತ್ರೆಗಳಿಗೆ 2017ರಲ್ಲಿ ಬಂದ 'ಲಕ್ಷ್ಯ' ಕಾರ್ಯಕ್ರಮದಲ್ಲಿ ಹೆರಿಗೆ ಹೊತ್ತಿನಲ್ಲಿ ಜೊತೆಗೊಬ್ಬರು ಇರಲು ಅವಕಾಶ ಕೊಡಬೇಕು ಅಂತಿದೆ. ಆದರೆ ಒಂದೇ ಕೋಣೆಯಲ್ಲಿ ನಾಲ್ಕಾರು ಹೆಂಗಸರು ಇರುವ ಕಡೆ ಗಂಡಸರನ್ನು ಬಿಡುವುದು ಕಷ್ಟ, ಅಲ್ಲಿ ಅಮ್ಮನೋ ಅಕ್ಕನೋ ಇರಬೇಕಾಗುತ್ತದೆ. ಅವರಿಗೂ ಒತ್ತುವುದು ಕಲಿಸಿಡಿ.

ಮಧ್ಯಾಹ್ನದ ಹೊತ್ತಿಗೆ ಮುಂದೆ ಹೋಗುವುದು ನಿಂತಿತು. ಡಾಕ್ಟರ್ ನೀರಿನ ಚೀಲ ಒಡೆದರು, ಆಮೇಲೆ ನೋವು ಬರಿಸುವ ಆಕ್ಸಿಟೋಸಿನ್ ಡ್ರಿಪ್ ಹಾಕಿದರು. ಡ್ರಿಪ್ಪಿನ ನೋವು ಬೇರೆಯೇ, ನಡುವೆ ಉಸಿರಾಡಲೂ ಬಿಡುವುದಿಲ್ಲ. ನೋವು ಗೊತ್ತಾಗದಂತೆ ಸೊಂಟಕ್ಕೆ ಕೊಡುವ ಇಂಜೆಕ್ಷನ್ (ಎಪಿಡ್ಯೂರಲ್) ಕೇಳಿದೆ. ಅರಿವಳಿಕೆ ಡಾಕ್ಟರ್ ಆಪರೇಷನ್‌ಗೆ ಮಾತ್ರ ಬರುತ್ತಾರೆ ಅಂದರು. ಸಿಕ್ಕಿದ್ದರೆ ತೆಗೆದುಕೊಳ್ಳುತ್ತಿದ್ದೆ, ಅದರಲ್ಲಿ ನಾಚಿಕೆ ಏನಿದೆ?

ಅಲ್ಲಿನ ಹಿರಿಯ ನರ್ಸ್ ಒಬ್ಬರು ಎರಡು ಗಂಟೆಗೊಮ್ಮೆ ಬಂದು ಒಂದೇ ಮಾತು ಕೇಳುತ್ತಿದ್ದರು. "ಒಂದಕ್ಕೆ ಹೋದ್ಯಾ?" ಮೂತ್ರ ತುಂಬಿದ್ದರೆ ಮಗುವಿನ ತಲೆ ಇಳಿಯಲು ಜಾಗ ಸಾಲುವುದಿಲ್ಲವಂತೆ. ನೋವಿನಲ್ಲಿ ಆ ಒತ್ತಡ ನಮಗೆ ಗೊತ್ತೇ ಆಗುವುದಿಲ್ಲ. ಇದನ್ನು ನೆನಪಿಡುವ ಕೆಲಸವನ್ನು ಜೊತೆಗಿರುವವರಿಗೆ ಒಪ್ಪಿಸಬಹುದು.

ಹತ್ತು ಸೆಂಟಿಮೀಟರ್ ಆದ ಮೇಲೂ ಬೇಗ ಮುಗಿಯಲಿಲ್ಲ. ಮುಕ್ಕುವುದು ಎರಡು ಗಂಟೆ ಹತ್ತಿರ ನಡೆಯಿತು. ಅಂಗಾತ ಮಲಗಿ ಮುಕ್ಕಿದರೆ ಏನೂ ಆಗಲಿಲ್ಲ. ನರ್ಸ್ ಎಡಮಗ್ಗುಲಿಗೆ ಹೊರಳಿಸಿ, ಮೇಲಿನ ಕಾಲನ್ನು ನನ್ನ ಗಂಡನ ಕೈಗೆ ಕೊಟ್ಟರು. ಹಾಗೆ ಇದ್ದಾಗಲೇ ಮಗು ತಿರುಗಿತು. ಡಾಕ್ಟರ್ ಮಗುವಿನ ತಲೆ ಹಿಡಿದು ಎಳೆಯುವ ವ್ಯಾಕ್ಯೂಮ್ ಉಪಕರಣ ತರಿಸಿ ಪಕ್ಕದಲ್ಲಿಟ್ಟಿದ್ದರು, ಬೇಕಾಗಲಿಲ್ಲ. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಕೆಳಗೆ ಸ್ವಲ್ಪ ಕುಯ್ದರು. ಉರಿ, ಒಂದು ಜಾರಿಕೆ, ಆಮೇಲೆ ಎದೆ ಮೇಲೆ ಬಿಸಿ ಬಿಸಿಯಾದ ಒದ್ದೆ ಭಾರ. ಹೆಣ್ಣು ಮಗು. ಹೊಕ್ಕುಳಬಳ್ಳಿಯ ಮಿಡಿತ ನಿಂತ ಮೇಲೆ ಕತ್ತರಿಸಿದರು. ನಾನು ಅಳಲಿಲ್ಲ, ನನ್ನ ಗಂಡ ಅತ್ತರು. ಅವರ ಮಣಿಕಟ್ಟು ಊದಿಕೊಂಡಿತ್ತು.

ಅಷ್ಟು ಹೊತ್ತು ಹಾದಿಯಲ್ಲಿ ಸಿಕ್ಕಿಕೊಂಡಿದ್ದಕ್ಕೆ ಮಗುವಿನ ತಲೆ ಹಿಂದಕ್ಕೆ ಚೂಪಾಗಿತ್ತು. ನೋಡಲು ಬಂದ ಅಜ್ಜಿ, "ಎಣ್ಣೆ ಹಚ್ಚಿ ತಿದ್ದಿದ್ರೆ ಗುಂಡಗಾಗ್ತದೆ" ಅಂತ ಕೈ ಚಾಚಿದರು. ಮೂಳೆಗಳು ಒಂದರ ಮೇಲೊಂದು ಸರಿದಿರುತ್ತವೆ, ಕೆಲವು ದಿನದಲ್ಲಿ ತಾನೇ ಸರಿಹೋಗುತ್ತದೆ, ತಲೆ ಒತ್ತಬೇಡಿ ಅಂತ ಮಕ್ಕಳ ಡಾಕ್ಟರ್ ಹೇಳಿದರು. ಅಜ್ಜಿಗೆ ನಂಬಿಕೆ ಬರಲಿಲ್ಲ. ಮೊದಲ ಗಿಣ್ಣು ಹಾಲು ಹಿಂಡಿ ಚೆಲ್ಲಬೇಕು, ಬಾಣಂತಿಗೆ ನೀರು ಕಮ್ಮಿ ಕೊಡಬೇಕು ಅಂತಲೂ ಅವರ ವಾದ. ಮಗುವಿನ ನಾಲಿಗೆಗೆ ಜೇನು ಮುಟ್ಟಿಸಲು ಹೋದಾಗ ಅಮ್ಮನೇ ತಡೆದರು. ಗಿಣ್ಣು ಹಾಲನ್ನು ಮೊದಲ ಗಂಟೆಯಲ್ಲೇ ಕುಡಿಸಿ ಆಗಿತ್ತು, ನೀರನ್ನು ಕೇಳಿದಷ್ಟು ಕುಡಿದೆ. ಮೆಣಸಿನ ಸಾರಿಗೆ ಮಾತ್ರ ನಾನು ಬೇಡ ಅನ್ನಲಿಲ್ಲ, ಅಜ್ಜಿ ಕೈರುಚಿ ಅದು.