ಸ್ಕೌಟ್‌ಗೆ ಸೇರಿದ ಮಗುವಿಗೆ ಮನೆಯಿಂದ ಏನು ಬೇಕು

ಮಗ ಒಂಬತ್ತನೇ ಕ್ಲಾಸಿಗೆ ಬಂದ ಮೇಲೆ ಸ್ಕೌಟ್ ಮಾಸ್ಟರ್ ಹತ್ತಿರ ಹೋಗಿ "ಸರ್, ರಾಷ್ಟ್ರಪತಿ ಪ್ರಶಸ್ತಿ ಆಗ್ತದೇನ್ರಿ?" ಅಂತ ಕೇಳುವ ತಂದೆ ತಾಯಿ ನಮ್ಮ ಕಲಬುರಗಿಯಲ್ಲಿ ಕಡಿಮೆ ಇಲ್ಲ. ಅಷ್ಟರಲ್ಲಿ ತಡವಾಗಿರುತ್ತದೆ. ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್‌ನಲ್ಲಿ ಮೇಲಕ್ಕೆ ಹೋಗುವುದು ಮೆಟ್ಟಿಲು ಮೆಟ್ಟಿಲಾಗಿಯೇ. ಮೊದಲು ಪ್ರವೇಶ, ಆಮೇಲೆ ಪ್ರಥಮ, ದ್ವಿತೀಯ, ತೃತೀಯ ಸೋಪಾನ, ಅದಾದ ಮೇಲೆ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ಒಂದು ಮೆಟ್ಟಿಲಿನಲ್ಲಿ ಇಷ್ಟು ತಿಂಗಳು ಕೆಲಸ ಮಾಡಿರಲೇಬೇಕು ಅನ್ನುವ ನಿಯಮ ಇದೆ, ಹಾರಿ ಹೋಗಲು ಬರುವುದಿಲ್ಲ. ಹತ್ತು ವರ್ಷ ತುಂಬಿದರೆ ಹುಡುಗರು ಸ್ಕೌಟ್, ಹುಡುಗಿಯರು ಗೈಡ್ ಆಗಬಹುದು. ಅಂದರೆ ಐದು, ಆರನೇ ಕ್ಲಾಸಿನಲ್ಲೇ ಸೇರಿಸಿ. ಅದಕ್ಕೂ ಚಿಕ್ಕ ಹುಡುಗರಿಗೆ ಕಬ್, ಹುಡುಗಿಯರಿಗೆ ಬುಲ್‌ಬುಲ್ ಇದೆ.

ಸೇರಿದ ವಾರವೇ ಒಂದು ನೋಟ್‌ಬುಕ್‌ನಲ್ಲಿ ಸೇರಿದ ತಾರೀಖು ಬರೆದಿಡಿ. ಯಾವ ಸೋಪಾನ ಯಾವಾಗ ಮುಗಿಯಿತು, ಸರ್ಟಿಫಿಕೇಟ್ ಎಲ್ಲಿದೆ, ಅದನ್ನೂ ಬರೆಯಿರಿ. ಶಾಲೆ ಬದಲಾದರೆ, ಸ್ಕೌಟ್ ಮಾಸ್ಟರ್‌ಗೆ ವರ್ಗ ಆದರೆ ಈ ಕಾಗದಗಳೇ ಆಧಾರ. ಲೆಕ್ಕ ಇಡುವ ಈ ಕೆಲಸ ದೊಡ್ಡವರದು.

ಮಾಡಿದ ಚಟುವಟಿಕೆ ಬರೆದಿಡುವ ಲಾಗ್‌ಬುಕ್ ಮಾತ್ರ ಮುಟ್ಟಬೇಡಿ. ಅದು ಮಗುವೇ ಬರೆಯಬೇಕಾದ್ದು. ಅಕ್ಷರ ಸೊಟ್ಟಗಿರಲಿ, ಚಿತ್ರ ಹೇಗೋ ಇರಲಿ. ಅಮ್ಮ ರಾತ್ರಿ ಕೂತು ಬಣ್ಣ ಬಣ್ಣದ ಪೆನ್ನಿನಲ್ಲಿ ಬರೆದುಕೊಟ್ಟರೆ, ಪರೀಕ್ಷಾ ಶಿಬಿರದಲ್ಲಿ "ಇದನ್ನು ಹೇಗೆ ಮಾಡಿದೆ?" ಅಂತ ಕೇಳಿದಾಗ ಮಗು ತಲೆ ತಗ್ಗಿಸಿ ನಿಲ್ಲಬೇಕಾಗುತ್ತದೆ, ಅಲ್ವಾ?

ಗಂಟು ಕಲಿಸಲು ಯೂಟ್ಯೂಬ್ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಮೊದಲು ಮುತ್ಯಾನನ್ನು ಕೇಳಿ. ಜೀವನವಿಡೀ ಎತ್ತು ಕಟ್ಟಿದ ಕೈಗೆ ಗೂಟಕ್ಕೆ ಹಾಕುವ ಗಂಟು, ಬಿಗಿಯಾಗದ ಕುಣಿಕೆ ಎಲ್ಲ ಗೊತ್ತಿರುತ್ತದೆ, ಹೆಸರು ಮಾತ್ರ ಬೇರೆ. ಸ್ಕೌಟ್‌ನಲ್ಲಿ ಅವು ಕ್ಲೋವ್ ಹಿಚ್, ಬೋಲೈನ್. ದಪ್ಪ ಹಗ್ಗಕ್ಕೆ ಸಣ್ಣ ಹಗ್ಗ ಸೇರಿಸಲು ಶೀಟ್ ಬೆಂಡ್. ರೀಫ್ ನಾಟ್ ಚಪ್ಪಟೆಯಾಗಿ ಕೂರುತ್ತದೆ, ಒತ್ತುವುದಿಲ್ಲ, ಅದಕ್ಕೇ ಬ್ಯಾಂಡೇಜ್‌ಗೆ ಅದನ್ನು ಹಾಕುತ್ತಾರೆ. ಎರಡು ಮೀಟರ್ ಹತ್ತಿ ಹಗ್ಗ ತಂದು ಬಾಗಿಲ ಹಿಂದೆ ತೂಗುಹಾಕಿ. ನೈಲಾನ್ ಬೇಡ, ಜಾರುತ್ತದೆ. ಟಿವಿ ನೋಡುತ್ತಾ ಕಟ್ಟಿ ಬಿಚ್ಚಿದರೂ ಸಾಕು, ಕಣ್ಣು ಮುಚ್ಚಿ ಕಟ್ಟುವಷ್ಟು ರೂಢಿ ಆಗಬೇಕು.

ದಿಕ್ಕು ನೋಡುವುದಕ್ಕೆ ನಮ್ಮ ಬೇಸಿಗೆಯಷ್ಟು ಒಳ್ಳೆಯ ಕಾಲ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಸೆಕೆ ತಾಳಲಾರದೆ ಹೇಗೂ ಮಾಳಗಿ ಮೇಲೆ ಮಲಗುತ್ತೀರಿ. ಆಗ ರಾತ್ರಿ ಉತ್ತರಕ್ಕೆ ಸಪ್ತರ್ಷಿ ಮಂಡಲ ಚೆನ್ನಾಗಿ ಕಾಣುತ್ತದೆ. ಅದರ ಬಾಲದ ಕಡೆಯಲ್ಲ, ಚೌಕದ ಕಡೆಯ ತುದಿಯ ಎರಡು ನಕ್ಷತ್ರಗಳನ್ನು ಸೇರಿಸಿ ಗೆರೆ ಎಳೆದು, ಆ ಎರಡರ ನಡುವಿನ ದೂರದ ಐದು ಪಟ್ಟು ಮುಂದೆ ಹೋದರೆ ಧ್ರುವ ನಕ್ಷತ್ರ. ಮಕ್ಕಳು ಅದನ್ನು ತುಂಬಾ ಮೇಲೆ ಹುಡುಕುತ್ತಾರೆ. ಕಲಬುರಗಿ ಇರುವುದು ಸುಮಾರು 17 ಡಿಗ್ರಿ ಅಕ್ಷಾಂಶದಲ್ಲಿ, ಹಾಗಾಗಿ ಇಲ್ಲಿ ಧ್ರುವ ನಕ್ಷತ್ರವೂ ದಿಗಂತದಿಂದ ಸುಮಾರು 17 ಡಿಗ್ರಿ ಎತ್ತರದಲ್ಲೇ ಇರುತ್ತದೆ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಸುಮಾರು ಹತ್ತು ಡಿಗ್ರಿ. ಎರಡು ಮುಷ್ಟಿಗಿಂತ ಸ್ವಲ್ಪ ಕೆಳಗೆ ನೋಡಲು ಹೇಳಿ, ಸಿಗುತ್ತದೆ. ಹಗಲಿಗೆ ಕಂಪಾಸ್ ಕೊಟ್ಟು ಕೋಟೆಯಿಂದ ಅಪ್ಪನ ಕೆರೆಗೆ ನಡೆದುಕೊಂಡು ಹೋಗಿ. ದಾರಿಯ ನಕ್ಷೆ ಮಗು ಬರೆಯಲಿ, ತಿರುವು ತಪ್ಪಿದರೆ ತಪ್ಪಲಿ. ಆದರೆ ಬೆಳಿಗ್ಗೆ ಏಳರೊಳಗೆ ಹೊರಡಿ, ನಮ್ಮ ಬಿಸಿಲು ಯಾರನ್ನೂ ಬಿಡುವುದಿಲ್ಲ.

ಅಡುಗೆ ಅಂದ ಕೂಡಲೇ "ಗಂಡುಹುಡುಗ ಒಲೆ ಮುಂದೆ ಯಾಕೆ?" ಅನ್ನುವ ಮನೆಗಳು ಇನ್ನೂ ಇವೆ. ಬಯಲಿನಲ್ಲಿ ಬೆಂಕಿ ಹೊತ್ತಿಸಿ ಸರಳ ಅಡುಗೆ ಮಾಡುವುದು ಸ್ಕೌಟ್ ಕಲಿಯಲೇಬೇಕಾದ ಕೆಲಸ. ಭಾನುವಾರ ಹಿತ್ತಲಲ್ಲಿ ಮೂರು ಕಲ್ಲು ಇಟ್ಟು ಅನ್ನ, ತೊಗರಿಬೇಳೆ ಮಾಡಿಸಿ. ನೀವು ಪಕ್ಕದಲ್ಲೇ ಇರಿ, ನೀರಿನ ಬಕೆಟ್ ಹತ್ತಿರ ಇರಲಿ, ಕೈ ಮಾತ್ರ ಹಾಕಬೇಡಿ. ಬೇಳೆ ಸೀದರೆ ಎಲ್ಲರೂ ಅದನ್ನೇ ಉಣ್ಣಿ. ಪಾತ್ರೆ ತಿಕ್ಕುವುದೂ ಅವನದೇ ಕೆಲಸ.

ಯೂನಿಫಾರ್ಮ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಅಳತೆ ದೊಡ್ಡದು ಹೊಲಿಸಿ, ಬ್ಯಾಡ್ಜ್ ಎಲ್ಲಿ ಹಚ್ಚಬೇಕು ಅಂತ ಕೇಳಿಯೇ ಹಚ್ಚಿ.

ದಿನಕ್ಕೊಂದು ಒಳ್ಳೆಯ ಕೆಲಸ ಮಾಡಬೇಕು ಅಂತ ಸ್ಕೌಟ್‌ನಲ್ಲಿ ಇದೆ. ಇದಕ್ಕೆ ಚಾಕಲೇಟ್, ದುಡ್ಡು ಕೊಡಲು ಹೋಗಬೇಡಿ. ಫೋಟೋ ತೆಗೆದು ಸ್ಟೇಟಸ್ ಹಾಕುವುದೂ ಬೇಡ. ಶರಣಬಸವೇಶ್ವರ ಜಾತ್ರೆಯಲ್ಲಿ ಬಂದವರಿಗೆ ನೀರು ಕೊಡಲು ತಂಡ ಹೊರಟರೆ ಕಳಿಸಿ. ಟ್ಯೂಷನ್ ಒಂದು ದಿನ ತಪ್ಪಿದರೆ ಏನೂ ಆಗುವುದಿಲ್ಲ.

ರೈಲ್ವೆಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಕೋಟಾ ಇರುವುದು ನಿಜ. ವಾಡಿ ಕಡೆಯ ರೈಲ್ವೆ ಮನೆಯವರಿಗೆ ಇದು ಹೊಸದೇನಲ್ಲ. ಆದರೆ ಹತ್ತು ವರ್ಷದ ಮಗುವಿಗೆ ದಿನಾ ನೌಕರಿ ಮಾತು ಹೇಳಿದರೆ ಅದು ಮೂರೇ ತಿಂಗಳಿಗೆ ಬೇಸತ್ತು ಬಿಡುತ್ತದೆ.

ಇನ್ನು ಶಿಬಿರ. ಚಂದ್ರಂಪಳ್ಳಿಗೆ ಹೈಕ್ ಇರಲಿ, ಹರಿಹರದ ಹತ್ತಿರ ಕೊಂಡಜ್ಜಿಯಲ್ಲಿ ಕ್ಯಾಂಪ್ ಇರಲಿ, ಚೀಲ ಮಗುವೇ ತುಂಬಲಿ, ನೀವು ಪಟ್ಟಿ ಹಿಡಿದು ನೋಡಿದರೆ ಸಾಕು. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಡಿ, ಕೆಡುವುದಿಲ್ಲ. ಓಆರ್‌ಎಸ್ ಪೊಟ್ಟಣ, ದೊಡ್ಡ ನೀರಿನ ಬಾಟಲಿ ಇರಲಿ. ಮಗುವಿಗೆ ಅಸ್ತಮಾ, ಫಿಟ್ಸ್ ಏನಾದರೂ ಇದ್ದರೆ ನಾಚಿಕೆ ಪಟ್ಟು ಮುಚ್ಚಿಡಬೇಡಿ, ಬರೆದುಕೊಡಿ. ಹೆಣ್ಣುಮಗಳನ್ನು ಕಳಿಸುವಾಗ ಭಯ ಇದ್ದೇ ಇರುತ್ತದೆ. ಜೊತೆಗೆ ಯಾವ ಗೈಡ್ ಕ್ಯಾಪ್ಟನ್ (ಗೈಡ್ ತಂಡ ನೋಡಿಕೊಳ್ಳುವ ಟೀಚರ್) ಬರುತ್ತಾರೆ, ಮಲಗುವುದು ಎಲ್ಲಿ, ಶೌಚಾಲಯ ಹೇಗಿದೆ, ರಾತ್ರಿ ಯಾರಿಗೆ ಫೋನ್ ಮಾಡಬೇಕು, ಎಲ್ಲ ನೇರವಾಗಿ ಕೇಳಿ. ಉತ್ತರ ಸರಿ ಅನಿಸಿದರೆ ಕಳಿಸಿ. ಅನಿಸದಿದ್ದರೆ ಆ ಸಲ ಬೇಡ ಅನ್ನಿ, ಆದರೆ ಮುಂದಿನ ಕ್ಯಾಂಪ್ ಯಾವಾಗ ಅಂತ ಅಲ್ಲೇ ಕೇಳಿಕೊಂಡು ಬನ್ನಿ.