ಡಬ್ಬಿಯ ನಿಯಮ ಬರೆಯುವ ಮೊದಲು ಮಿಕ್ಕಿದ್ದನ್ನು ನೋಡಿ

ನಮ್ಮ ಶಾಲೆಯ ಮಕ್ಕಳು ಮನೆಯಿಂದ ತರುವ ಊಟದ ಡಬ್ಬಿಗೆ ನಿಯಮ ಬರೆಯುವ ಕೆಲಸ ನನ್ನ ಪಾಲಿಗೆ ಬಂದಾಗ ಹಳೆಯ ಸುತ್ತೋಲೆಯಲ್ಲಿ ಇದ್ದದ್ದು ಒಂದೇ ಸಾಲು: ‘ಜಂಕ್ ಫುಡ್ ಬೇಡ, ಪೌಷ್ಟಿಕ ಆಹಾರ ಕಳುಹಿಸಿ.’ ಇಂಥ ಸಾಲಿನಿಂದ ಜಗಳ ಹುಟ್ಟುತ್ತದೆಯೇ ಹೊರತು ಡಬ್ಬಿ ಬದಲಾಗುವುದಿಲ್ಲ. ನಿಪ್ಪಟ್ಟು ಜಂಕೋ ಅಲ್ಲವೋ? ಮನೆಯಲ್ಲೇ ಕರಿದ ಪೂರಿ? ಬೀನ್ಸು, ಕ್ಯಾರೆಟ್ಟು ಹಾಕಿದ ನೂಡಲ್ಸ್? ಒಂದನೇ ಕ್ಲಾಸಿನ ಟೀಚರ್ ಬಿಟ್ಟದ್ದನ್ನು ಎರಡನೇ ಕ್ಲಾಸಿನವರು ಹಿಡಿದರೆ ಅಲ್ಲಿಗೆ ನಿಯಮದ ಕಥೆ ಮುಗಿಯಿತು.

ಹಾಗಾಗಿ ಬರೆಯುವ ಮೊದಲು ಎರಡು ವಾರ ಬರೀ ನೋಡುವ ಕೆಲಸ. ಊಟದ ಬೆಲ್ ಮುಗಿಯುವ ಹೊತ್ತಿಗೆ ಪ್ರತಿ ಕ್ಲಾಸಿನಲ್ಲಿ ಮೂರೇ ಸಂಗತಿ ಗುರುತು ಹಾಕಿಕೊಂಡೆವು: ಏನು ಬಂದಿತ್ತು, ಎಷ್ಟು ಮಿಕ್ಕಿತು, ಮುಚ್ಚಳ ತೆಗೆದವರು ಯಾರು. ಮಗುವಿನ ಹೆಸರು ಬೇಡ. ಹೆಸರು ಬರೆದರೆ ಅದು ದೂರಿನ ಪಟ್ಟಿಯಾಗುತ್ತದೆ. ಈ ಚೀಟಿಗಳನ್ನು ಒಟ್ಟಿಗೆ ಹರಡಿ ಕೂತರೆ ಒಂದು ಮಾತು ಕಣ್ಣಿಗೆ ಹೊಡೆಯುತ್ತದೆ. ಚಿಕ್ಕ ಮಕ್ಕಳ ಡಬ್ಬಿಯಲ್ಲಿ ಅನ್ನ ಮಿಕ್ಕುವುದಕ್ಕೆ ರುಚಿಗಿಂತ ಹೆಚ್ಚು ಕಾರಣ ಮುಚ್ಚಳ, ಅಳತೆ ಮತ್ತು ಸಮಯ. ಹೆಸರಿಗೆ 30 ನಿಮಿಷದ ಊಟದ ಅವಧಿ. ಸಾಲಿನಲ್ಲಿ ನಿಂತು ಕೈ ತೊಳೆದು, ಬ್ಯಾಗಿನಿಂದ ಡಬ್ಬಿ ತೆಗೆದು ಕೂರುವಷ್ಟರಲ್ಲಿ ಬಾಯಿಗೆ ತುತ್ತು ಹೋಗಲು ಉಳಿಯುವುದು 20 ನಿಮಿಷ. ಆರು ವರ್ಷದ ಮಗು ಅಷ್ಟರಲ್ಲಿ ತಿನ್ನುವುದು ಒಂದು ಬಟ್ಟಲು ಬಿಸಿಬೇಳೆಬಾತು, ಹೆಚ್ಚೆಂದರೆ ಒಂದೂವರೆ ಚಪಾತಿ. ದೊಡ್ಡವರ ಲೆಕ್ಕದಲ್ಲಿ ಒತ್ತಿ ತುಂಬಿದ ಡಬ್ಬಿ ಮಿಕ್ಕೇ ಮಿಕ್ಕುತ್ತದೆ.

ಆದ್ದರಿಂದ ನಮ್ಮ ಮೊದಲ ನಿಯಮ ತಿನಿಸಿನದ್ದಲ್ಲ, ಮುಚ್ಚಳದ್ದು: ‘ಡಬ್ಬಿಯನ್ನು ಮಗು ತಾನೇ ತೆಗೆದು ತಾನೇ ಮುಚ್ಚಬೇಕು.’ ನಾಲ್ಕೂ ಕಡೆ ಕ್ಲಿಪ್ ಇರುವುದು, ತಿರುಗಿಸಿ ಬಿಗಿಯುವ ಸ್ಟೀಲ್ ಡಬ್ಬಿ, ಇವು ಎಲ್‌ಕೆಜಿಯಿಂದ ಎರಡನೇ ಕ್ಲಾಸಿನವರೆಗೆ ಬೇಡ. ಬಿಸಿ ಅನ್ನ ತುಂಬಿ ಕೂಡಲೇ ಗಾಳಿಯಾಡದಂತೆ ಬಿಗಿದರೆ, ಒಳಗಿನ ಆವಿ ತಣಿದು ನೀರಾಗುತ್ತ ಒತ್ತಡ ಕಡಿಮೆಯಾಗಿ ಮುಚ್ಚಳ ಕಚ್ಚಿಕೊಳ್ಳುತ್ತದೆ. ಆಮೇಲೆ ಆಯಾ ಕೈಯಲ್ಲೂ ಬಾರದು. ಹೊಸ ಡಬ್ಬಿ ಕೊಳ್ಳುವವರಿಗೆ ಹೇಳುವುದು ಇಷ್ಟೇ: ಬಿಸಿ ಪದಾರ್ಥ ತುಂಬಿ, ಮುಚ್ಚಿ, ಐದು ಗಂಟೆ ಇಟ್ಟು, ಮಗುವಿನ ಕೈಗೆ ಕೊಟ್ಟು ನೋಡಿ. ಖಾಲಿ ಡಬ್ಬಿಯಲ್ಲಿ ಮಾಡಿದ ಪರೀಕ್ಷೆ ಪರೀಕ್ಷೆಯೇ ಅಲ್ಲ. ಮುಚ್ಚಳದ ರಬ್ಬರ್ ರಿಂಗನ್ನು ವಾರಕ್ಕೊಮ್ಮೆ ಬಿಡಿಸಿ ತೊಳೆದು ಒಣಗಿಸಬೇಕು. ಡಬ್ಬಿ ಎಷ್ಟು ತಿಕ್ಕಿದರೂ ಹೋಗದ ಹುಳಿ ವಾಸನೆ ಇರುವುದು ಆ ರಿಂಗಿನಡಿ.

ಇನ್ನು ತಿನಿಸು. ಕಾನೂನಿನ ವಿಷಯದಲ್ಲಿ ಅನೇಕ ಶಾಲೆಗಳು ತಪ್ಪು ತಿಳಿದಿವೆ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಶಾಲೆಯ ಆವರಣದಲ್ಲೂ ಗೇಟಿನಿಂದ 50 ಮೀಟರ್ ಒಳಗೂ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸು ಮಾರುವುದನ್ನು ತಡೆಯುತ್ತದೆ. ಸಿಬಿಎಸ್‌ಇ 2025ರಲ್ಲಿ ಸಕ್ಕರೆಯ ಲೆಕ್ಕ ತಿಳಿಸುವ ಬೋರ್ಡ್ ಹಾಕಲು ತನ್ನ ಶಾಲೆಗಳಿಗೆ ಹೇಳಿತು. ಇವೆರಡರಲ್ಲೂ ಮನೆಯ ಡಬ್ಬಿಯನ್ನು ತಡೆಯುವ ಮಾತಿಲ್ಲ. ಅಂದಮೇಲೆ ಡಬ್ಬಿಯ ನಿಯಮ ಶಾಲೆಯದೇ. ‘ಸರ್ಕಾರದ ಆದೇಶ’ ಎಂದು ಬೆದರಿಸದೆ, ಪೋಷಕರ ಸಭೆಯಲ್ಲಿ ಕಾರಣ ಹೇಳಿ ಒಪ್ಪಿಸಬೇಕು.

‘ಜಂಕ್’ ಎಂಬ ಪದ ಕಿತ್ತು ಹಾಕಿ ನಾವು ಬರೆದದ್ದು: ‘ಕಂಪನಿ ಪೊಟ್ಟಣದಲ್ಲಿ ಬರುವ ತಿಂಡಿ, ಸಿಹಿ ಪಾನೀಯ ಬೇಡ.’ ಇದನ್ನು ಯಾರು ಬೇಕಾದರೂ ಒಂದೇ ನೋಟದಲ್ಲಿ ಹೇಳಬಹುದು, ವಾದಕ್ಕೆ ಎಡೆಯಿಲ್ಲ. ಅಜ್ಜಿ ಮಾಡಿದ ಕೋಡುಬಳೆ ಪಾಸಾಗುತ್ತದೆ, ಆಗಲಿ. ಚಿಪ್ಸನ್ನು ಸ್ಟೀಲ್ ಡಬ್ಬಿಗೆ ಸುರಿದು ಕಳುಹಿಸುವವರೂ ಇದ್ದಾರೆ. ಅದರ ಬೆನ್ನು ಹತ್ತಬೇಡಿ, ಟೀಚರು ಪೊಲೀಸರಲ್ಲ. ಜ್ಯೂಸಿನ ಬಗ್ಗೆ ಮಾತ್ರ ಸಭೆಯಲ್ಲಿ ಲೇಬಲ್ ಓದಿಸಿದರೆ ಕೆಲಸವಾಗುತ್ತದೆ. 100 ಮಿ.ಲೀ.ಗೆ 12 ಗ್ರಾಂ ಸಕ್ಕರೆ ಎಂದು ಅಚ್ಚಾಗಿದ್ದರೆ 200 ಮಿ.ಲೀ. ಡಬ್ಬದಲ್ಲಿ 24 ಗ್ರಾಂ, ಅಂದರೆ ಆರು ಟೀ ಚಮಚ. ಆರು ಚಮಚ ಸಕ್ಕರೆಯನ್ನು ಲೋಟಕ್ಕೆ ಅಳೆದು ತೋರಿಸಿ, ಭಾಷಣ ಬೇಡ.

ಸೋಮವಾರ ಚಪಾತಿ-ಪಲ್ಯ, ಮಂಗಳವಾರ ಇಡ್ಲಿ ಎಂದು ದಿನವಾರು ಪಟ್ಟಿ ಕೊಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಹಿಂದಿನ ರಾತ್ರಿ ಹಿಟ್ಟು ಮುಗಿದಿದ್ದರೆ ಬೆಳಿಗ್ಗೆ ಇಡ್ಲಿ ಹೋಟೆಲಿನಿಂದ ಬರುತ್ತದೆ, ಅಷ್ಟೆ. ಅದರ ಬದಲು ಮೂರು ಪಾಲು: ಅನ್ನ ಅಥವಾ ರೊಟ್ಟಿಯಂಥದ್ದು ಒಂದು; ಬೇಳೆ, ಕಾಳು, ಮೊಸರು ಅಥವಾ ಮೊಟ್ಟೆ ಒಂದು; ತರಕಾರಿ ಅಥವಾ ಹಣ್ಣು ಒಂದು. ಚಿತ್ರಾನ್ನಕ್ಕೆ ಒಂದು ಹಿಡಿ ಬಟಾಣಿ ಬಿದ್ದು, ಪಕ್ಕದಲ್ಲಿ ನಾಲ್ಕು ತುಂಡು ಸೌತೆಕಾಯಿ ಇದ್ದರೆ ಮೂರೂ ಆಯಿತು.

ಹೆಚ್ಚು ಎಚ್ಚರ ಬೇಕಾದದ್ದು ಅನ್ನದಲ್ಲಿ. ಬೆಳಿಗ್ಗೆ ಏಳಕ್ಕೆ ತುಂಬಿದ್ದನ್ನು ಮಗು ತಿನ್ನುವುದು ಹನ್ನೆರಡೂವರೆಗೆ. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಇದ್ದರೆ ಅವು ಮೊಳೆತು ವಿಷ ಬಿಡುತ್ತವೆ, ವಾಂತಿ ಬರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ‘ರಾತ್ರಿ ಹೊರಗಿಟ್ಟ ಅನ್ನದ ಚಿತ್ರಾನ್ನ ಬೇಡ’ ಎಂಬುದು ನಮ್ಮಲ್ಲಿ ವಿನಾಯಿತಿಯಿಲ್ಲದ ನಿಯಮ. ಬೆಳಿಗ್ಗೆ ಮಾಡಿದ್ದಕ್ಕೆ ಎರಡು ದಾರಿ. ಶಾಖ ಹಿಡಿಯುವ ಡಬ್ಬಿಯಾದರೆ ಮೊದಲು ಕುದಿನೀರು ಹೊಯ್ದು ಹತ್ತು ನಿಮಿಷ ಮುಚ್ಚಿಟ್ಟು, ಚೆಲ್ಲಿ, ಹೊಗೆಯಾಡುವ ಅನ್ನ ಬಾಯಿಯವರೆಗೆ ತುಂಬಬೇಕು. ಅರ್ಧ ತುಂಬಿದರೆ ಬೇಗ ತಣಿಯುತ್ತದೆ. ಮಾಮೂಲಿ ಡಬ್ಬಿಯಾದರೆ ತಟ್ಟೆಯಲ್ಲಿ ಹರಡಿ, ಫ್ಯಾನಿನಡಿ ಆರಿಸಿ ತುಂಬಬೇಕು. ಬಿಸಿಬಿಸಿ ತುಂಬಿ ಮುಚ್ಚಿದ ಮಾಮೂಲಿ ಡಬ್ಬಿ ಬಿಸಿಯೂ ಅಲ್ಲದ, ತಣ್ಣಗೂ ಅಲ್ಲದ ಸ್ಥಿತಿ. ಹುಣಸೆ, ನಿಂಬೆಯ ಹುಳಿ ಚೆನ್ನಾಗಿರುವ ಪುಳಿಯೋಗರೆ, ಚಿತ್ರಾನ್ನ ಬರೀ ಅನ್ನಕ್ಕಿಂತ ಹೆಚ್ಚು ಹೊತ್ತು ಕೆಡದೆ ಇರುತ್ತವೆ.

ಮೊಸರನ್ನ ಹುಳಿಯಾಯಿತು ಎಂಬ ದೂರಿಗೆ ಮದ್ದು ಹಳೆಯದೇ. ಒಂದು ಬಟ್ಟಲು ಮೆತ್ತಗಿನ ಅನ್ನ ಹಿಚುಕಿ, ಅರ್ಧ ಬಟ್ಟಲು ಕಾಯಿಸಿ ಆರಿಸಿದ ಹಾಲು, ಒಂದು ಟೀ ಚಮಚ ಮೊಸರು. ಮಧ್ಯಾಹ್ನಕ್ಕೆ ಹೆಪ್ಪಾಗಿ ಹದವಾಗಿರುತ್ತದೆ. ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಮೊಸರು ಅರ್ಧ ಚಮಚ ಸಾಕು. ಡಿಸೆಂಬರಿನ ಚಳಿಯಲ್ಲಿ ಎರಡು ಹಾಕಿ. ಅನ್ನ ಸುಡುತ್ತಿರುವಾಗ ಮೊಸರು ಬೆರೆಸಿದರೆ ಹೆಪ್ಪು ಸತ್ತು ಹಾಲು ಹಾಲಾಗಿಯೇ ಉಳಿಯುತ್ತದೆ.

ಉಪ್ಪಿಟ್ಟು ಕಲ್ಲಾಗಿ ಮಿಕ್ಕಿ ಬರುವುದು ರವೆ ಆರುತ್ತ ಆರುತ್ತ ನೀರು ಹೀರುವುದರಿಂದ. ತಟ್ಟೆಗೆ ಬಡಿಸಲು ಒಂದಕ್ಕೆ ಎರಡೂವರೆ ನೀರಾದರೆ ಡಬ್ಬಿಗೆ ಮೂರು ಹಾಕಿ. ಬಿಸಿಬೇಳೆಬಾತನ್ನೂ ತುಂಬುವಾಗ ಅರ್ಧ ಸೌಟು ಬಿಸಿನೀರು ಬೆರೆಸಿ ಸಡಿಲ ಮಾಡಿ. ಚಪಾತಿಯನ್ನು ಒಂದರ ಮೇಲೊಂದು ಬಿಸಿಯಲ್ಲೇ ಮುಚ್ಚಿದರೆ ಅಡಿಯದು ಒದ್ದೆಯಾಗುತ್ತದೆ. ಎರಡು ನಿಮಿಷ ಆರಿಸಿ ಹತ್ತಿ ಬಟ್ಟೆಯಲ್ಲಿ ಸುತ್ತಿ. ತೆಳು ದೋಸೆ ಡಬ್ಬಿಗೆ ಅಲ್ಲ, ಚಕ್ಕಳವಾಗುತ್ತದೆ. ಹಸಿ ಕಾಯಿಚಟ್ನಿಯನ್ನು ಫೆಬ್ರವರಿಯಿಂದ ಮೇವರೆಗೆ ನಿಲ್ಲಿಸಿದ್ದೇವೆ; ತುಪ್ಪದಲ್ಲಿ ಕಲಸಿದ ಚಟ್ನಿಪುಡಿ ಸಾಕು. ಹುಳಿ ಪದಾರ್ಥವನ್ನು ಫಾಯಿಲ್‌ನಲ್ಲಿ ಸುತ್ತಬಾರದು, ಯಾವುದನ್ನೂ ನ್ಯೂಸ್‌ಪೇಪರಿನಲ್ಲಿ ಸುತ್ತಬಾರದು. ದ್ರಾಕ್ಷಿಯನ್ನು ಎಲ್‌ಕೆಜಿ, ಯುಕೆಜಿಗೆ ಉದ್ದುದ್ದ ಸೀಳಿಯೇ ಕಳುಹಿಸಬೇಕು. ಇಡಿಯಾಗಿ ನುಂಗಿದರೆ ಗಂಟಲಿಗೆ ಬಿರಡೆಯಂತೆ ಕೂರುತ್ತದೆ.

ಶೇಂಗಾ ನಿಷೇಧ ಇಡೀ ಶಾಲೆಗೆ ಬೇಡ, ವೈದ್ಯರ ಪತ್ರ ಬಂದ ಮಗುವಿನ ಕ್ಲಾಸಿಗೆ ಸಾಕು. ಆದರೆ ಅಲ್ಲಿ ಪೂರ್ತಿ ಇರಬೇಕು, ಮತ್ತು ನಮ್ಮ ಅಡುಗೆಯಲ್ಲಿ ಅದು ಎಲ್ಲೆಲ್ಲಿ ಅಡಗಿದೆ ಎಂದು ಬರೆದೇ ಕೊಡಬೇಕು: ಪುಳಿಯೋಗರೆ ಗೊಜ್ಜು, ಅವಲಕ್ಕಿ ಒಗ್ಗರಣೆ, ಶೇಂಗಾ ಹಿಂಡಿ, ಎಣ್ಣೆಗಾಯಿ, ಚಿಕ್ಕಿ. ಗಾಣದ ಕಡಲೆಕಾಯಿ ಎಣ್ಣೆಯಲ್ಲೂ ಶೇಂಗಾದ ಪ್ರೋಟೀನು ಉಳಿದಿರುತ್ತದೆ. ಇದನ್ನು ಹೇಳದೆ ಬಿಟ್ಟ ಸುತ್ತೋಲೆ ಅರ್ಧ ಸುತ್ತೋಲೆ. ಊಟದ ನಂತರ ಆ ಕ್ಲಾಸಿನ ಎಲ್ಲರೂ ಸೋಪು-ನೀರಿನಲ್ಲಿ ಕೈ ತೊಳೆಯಬೇಕು. ಸ್ಯಾನಿಟೈಸರ್ ಕ್ರಿಮಿಗಾಯಿತು, ಕೈಗೆ ಮೆತ್ತಿದ ಶೇಂಗಾ ಅದರಿಂದ ಹೋಗುವುದಿಲ್ಲ.

‘ಡಬ್ಬಿ ಹಂಚಿಕೊಳ್ಳಬಾರದು’ ಎಂಬ ನಿಯಮವನ್ನು ಮಕ್ಕಳು ಮುರಿಯುತ್ತಾರೆ, ಏಕೆಂದರೆ ಮನೆಯಲ್ಲಿ ಕಲಿಸುವುದು ಹಂಚಿ ತಿನ್ನು ಎಂದು. ನಾವು ಶುಕ್ರವಾರ ಒಂದು ದಿನ ಹಂಚಲು ಬಿಟ್ಟೆವು. ಆ ದಿನ ಎಲ್ಲರೂ ತರುವುದು ಹಣ್ಣು ಅಥವಾ ಒಗ್ಗರಣೆ ಹಾಕದ ಹೆಸರುಬೇಳೆ ಕೋಸಂಬರಿ, ಬೇರೆ ಏನೂ ಅಲ್ಲ. ಹುಟ್ಟುಹಬ್ಬದ ಚಾಕೊಲೇಟಿನ ಜಾಗಕ್ಕೂ ಅದೇ ಶುಕ್ರವಾರ ಬಂತು.

ಮೊಟ್ಟೆ, ಮಾಂಸದ ವಿಷಯದಲ್ಲಿ ಶಾಲೆಗಳು ಆರೋಗ್ಯದ ಹೆಸರು ಹೇಳಿ ಬೇರೇನನ್ನೋ ಕಾಪಾಡುತ್ತವೆ. ಸರ್ಕಾರಿ ಶಾಲೆಯ ಬಿಸಿಯೂಟದ ಜೊತೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡುವ ರಾಜ್ಯದಲ್ಲಿ ಬೇಯಿಸಿದ ಮೊಟ್ಟೆಯನ್ನು ಪೌಷ್ಟಿಕತೆಯ ಕಾರಣಕ್ಕೆ ತಡೆಯಲಾಗದು. ನಮ್ಮ ನಿಯಮ ಮುಳ್ಳು ಮತ್ತು ಮೂಳೆಗೆ ಮಾತ್ರ: ಎರಡೂ ಇಲ್ಲದ್ದು ಬರಬಹುದು. ಪಕ್ಕದವರ ಡಬ್ಬಿ ನೋಡಿ ಮೂಗು ಮುಚ್ಚುವುದನ್ನು ಟೀಚರು ಅಲ್ಲೇ ತಡೆಯುತ್ತಾರೆ, ಡಬ್ಬಿಯವರನ್ನು ಎಬ್ಬಿಸಿ ಬೇರೆ ಕಡೆ ಕೂರಿಸುವುದಿಲ್ಲ.

ನಿಯಮ ತಪ್ಪಿದ ಡಬ್ಬಿಯನ್ನು ಕಸಿದುಕೊಳ್ಳುವುದಿಲ್ಲ. ಅದನ್ನು ತುಂಬಿದ್ದು ಮಗುವಲ್ಲ. ತಿನ್ನಲು ಬಿಟ್ಟು, ಡೈರಿಯಲ್ಲಿ ಒಂದು ಸಾಲು ಬರೆಯುತ್ತೇವೆ. ಹಳಸಿದ್ದು, ಶೇಂಗಾ ತಡೆದ ಕ್ಲಾಸಿಗೆ ಬಂದ ಶೇಂಗಾ, ಇವೆರಡಕ್ಕೆ ಮಾತ್ರ ಬದಲಿ ಊಟ. ಅದಕ್ಕಾಗಿ ಆಫೀಸಿನಲ್ಲಿ ಅವಲಕ್ಕಿ, ಬಾಳೆಹಣ್ಣು ಸದಾ ಇರುತ್ತವೆ, ಜೊತೆಗೆ ಒಂದು ಡಜನ್ ಚಮಚ. ಮಿಕ್ಕಿದ್ದನ್ನು ಶಾಲೆಯ ಬಕೆಟ್ಟಿಗೆ ಸುರಿಸುವುದನ್ನೂ ನಿಲ್ಲಿಸಿದೆವು, ‘ಖಾಲಿ ಮಾಡಿದವರಿಗೆ ಸ್ಟಾರ್’ ಎಂಬುದನ್ನೂ. ಮಿಕ್ಕಿದ್ದು ಮಿಕ್ಕ ಹಾಗೆಯೇ ಮನೆಗೆ ಹೋದರೆ ತುಂಬಿದವರಿಗೆ ಅಳತೆ ಗೊತ್ತಾಗುತ್ತದೆ.

ತುಂಬಿದವರು ಎಂದರೆ ಯಾರು ಎಂಬುದನ್ನು ನಾವು ಮೊದಲ ವರ್ಷ ಯೋಚಿಸಿರಲಿಲ್ಲ. ವಾಟ್ಸಾಪ್ ಹೋಗುವುದು ಅಪ್ಪ-ಅಮ್ಮನಿಗೆ; ಡಬ್ಬಿ ತುಂಬುವುದು ಎಷ್ಟೋ ಮನೆಯಲ್ಲಿ ಅಜ್ಜಿ, ಇಲ್ಲವೇ ಅಡುಗೆಯವರು. ಈಗ ನಿಯಮ ಒಂದೇ ಪುಟ, ದಪ್ಪಕ್ಷರದಲ್ಲಿ, ಫ್ರಿಜ್ಜಿಗೆ ಅಂಟಿಸುವಂತೆ, ಮನೆಯವರು ಕೇಳಿದ ಭಾಷೆಯಲ್ಲಿ: ಕನ್ನಡ, ತಮಿಳು, ತೆಲುಗು, ಹಿಂದಿ, ಉರ್ದು. ಓದು ಬಾರದವರಿಗೆ ಮೂರು ಪಾಲಿನ ತಟ್ಟೆಯ ಚಿತ್ರ ಮೇಲ್ಗಡೆಯೇ ಇದೆ.